ಹಿಂದಿನ ಸೀಟಿಗೆ ಹೇಳಿದ ದಾರಿ

"ಹೊಳೆ ಬದಿ ಪಾಪ್ಲರ್ ಮರದ ಎಲೆ ಹಳದಿಗೆ ತಿರುಗ್ತಿದೆ," ಎಂದ ಅಬಿಲಿಯೊ. "ತುದೀಲಿ ಮಾತ್ರ. ಕೆಳಗೆ ಇನ್ನೂ ಹಸಿರು."

ಹಿಂದಿನ ಸೀಟಿನಲ್ಲಿದ್ದ ನಿಕಾನೋರನ ಕಾಲು ಅರ್ಧ ಸುತ್ತಿಗೆ ತಡೆಯಿತು. ಜೋಡಿ ಸೈಕಲ್ಲಿನಲ್ಲಿ ಇಬ್ಬರ ಪೆಡಲುಗಳನ್ನೂ ಚೈನು ಒಂದಕ್ಕೊಂದು ಕಟ್ಟಿಹಾಕಿರುತ್ತದೆ. ಒಬ್ಬ ಉಸಿರು ಬಿಗಿಹಿಡಿದರೂ ಇನ್ನೊಬ್ಬನ ಪಾದಕ್ಕೆ ಸುದ್ದಿ ಮುಟ್ಟುತ್ತದೆ. ಅಬಿಲಿಯೊಗೆ ಮುಟ್ಟಿತು. ಏನೆಂದು ಅವನು ಕೇಳಲಿಲ್ಲ. ಕಾಲುಗಳು ಮತ್ತೆ ತಿರುಗಿದವು, ಸೈಕಲ್ಲು ಘಾಟಿ ಏರತೊಡಗಿತು.

"ಹಳದಿ," ಎಂದ ನಿಕಾನೋರ್. "ಸರಿ."

ನಿಕಾನೋರನ ಕಣ್ಣು ಹೋದದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ, ಕಲ್ಲಿದ್ದಲ ಗಣಿಯೊಳಗೆ, ಸಿಡಿಯಬೇಕಾದಾಗ ಸಿಡಿಯದೆ ಆಮೇಲೆ ಸಿಡಿದ ಮದ್ದಿನಿಂದ. ಈಗ ಐವತ್ತೆಂಟಾಗಿದೆ. ಚರ್ಚಿನ ಮುಂದಿನ ಗೂಡಂಗಡಿಯಲ್ಲಿ ಕೂತು ಲಾಟರಿ ಟಿಕೆಟ್ ಮಾರುತ್ತಾನೆ. ಹೆಜ್ಜೆ ಸದ್ದಿನಿಂದಲೇ ಜನರನ್ನು ಹೆಸರು ಹಿಡಿದು ಕರೆಯುತ್ತಾನೆ. ಹೊಸ ಬೂಟು ಹಾಕಿಕೊಂಡು ಬಂದವರನ್ನಂತೂ ಯಾರಿಗೆ ತೋರಿಸಲಿಕ್ಕೆ ಹೊರಟಿದ್ದೀರಿ ಎಂದು ಕೇಳದೆ ಬಿಡುವವನಲ್ಲ. ಅಬಿಲಿಯೊ ಅವನಿಗಿಂತ ಐದು ವರ್ಷ ದೊಡ್ಡವನು. ಪಿಯೆದ್ರಾಲ್ಬಾ ಘಾಟಿಯಲ್ಲಿ ಮೂವತ್ತೊಂದು ಚಳಿಗಾಲ ಹಿಮ ತಳ್ಳುವ ಲಾರಿ ಓಡಿಸಿದವನು. ಹಿಮದಡಿ ಹೂತುಹೋದ ರಸ್ತೆಯನ್ನು ನೆನಪಿನ ಮೇಲೆ ಹುಡುಕಿ ತೆಗೆಯುವುದು ಅವನ ಕೆಲಸವಾಗಿತ್ತು.

ಹಾಗಾಗಿ ಹದಿನೈದು ವರ್ಷದಿಂದ, ಹಿಮ ಕರಗಿದ ಮೇಲಿನ ಪ್ರತಿ ಶನಿವಾರವೂ, ಮುಂದಿನ ಸೀಟು ಅವನದು. ಮುಂದೆ ಕೂತವನು ತಿರುವು ಹೇಳಬೇಕು, ಗೇರ್ ಹೇಳಬೇಕು, ಗುಂಡಿ ಹೇಳಬೇಕು. ಇಷ್ಟು ಹೇಳಿದರೆ ಬೇರೆ ಯಾರಿಗಾದರೂ ಸಾಕು. ನಿಕಾನೋರನಿಗೆ ಸಾಲದು. ಹುಲ್ಲುಗಾವಲಲ್ಲಿ ಹಸು ಎಂದರೆ ಯಾವ ಬಣ್ಣ ಎನ್ನುತ್ತಿದ್ದ, ಕೆಂದು ಎಂದರೆ ಮುಖ ಊರಲ್ಲಿ ಯಾರ ಹಾಗಿದೆ ಎನ್ನುತ್ತಿದ್ದ. ಒಮ್ಮೆ ಅಬಿಲಿಯೊ ಔಷಧಿ ಅಂಗಡಿಯವಳ ಹಾಗೆ ಎಂದುಬಿಟ್ಟಾಗ, ಇಬ್ಬರೂ ಸೈಕಲ್ಲಿನಿಂದಿಳಿದು ರಸ್ತೆ ಬದಿಯಲ್ಲಿ ಕೂತು ನಗಬೇಕಾಯಿತು.

ಜೂನ್ ತಿಂಗಳಲ್ಲಿ ಅಬಿಲಿಯೊನ ಹೆಂಡತಿ ಒಲಾಯಾ ತೀರಿಕೊಂಡಳು. ಮಣ್ಣು ಮಾಡಿದ್ದು ಗುರುವಾರ. ಶನಿವಾರ ಬೆಳಿಗ್ಗೆ ಎಂಟಕ್ಕೆ ನಿಕಾನೋರ್ ಹೆಲ್ಮೆಟ್ ಹಾಕಿಕೊಂಡು ಗೇಟಿನ ಹೊರಗೆ ನಿಂತಿದ್ದ. ಅಬಿಲಿಯೊ ಸೈಕಲ್ಲು ಹೊರಗೆ ತಂದ. ಅಂದಿನಿಂದ ಒಂದು ವಾರವೂ ತಪ್ಪಿಸಿರಲಿಲ್ಲ.

ದುಃಖವಾಯಿತೇ ಎಂದು ಕೇಳಿದರೆ ಅಬಿಲಿಯೊ ಉತ್ತರ ಹುಡುಕಬೇಕಾಗುತ್ತಿತ್ತು. ಹಸಿವಾದಾಗ ಉಣ್ಣುತ್ತಿದ್ದ, ಕತ್ತಲಾದಾಗ ಮಲಗುತ್ತಿದ್ದ. ಸೈಕಲ್ಲಿನ ಮೇಲೆ ಮುಂಚಕ್ರದ ಮುಂದಿನ ಎರಡು ಮಾರು ಡಾಂಬರು ಬಿಟ್ಟರೆ ಬೇರೇನನ್ನೂ ನೋಡುತ್ತಿರಲಿಲ್ಲ. ಆದರೂ ದಾರಿ ತಾನಾಗಿ ಬಾಯಿಗೆ ಬರುತ್ತಿತ್ತು, ಜಪಮಾಲೆ ಎಣಿಸುವವರ ಬಾಯಿಗೆ ಪ್ರಾರ್ಥನೆ ಬರುವ ಹಾಗೆ. ಈಗಲೂ ಅಷ್ಟೇ. ಮುರಿದ ಗೋಡೆ ಬಂತು ಎಂದ. ಗೋಡೆಯ ಪಕ್ಕದಲ್ಲಿ ಹೆಣ್ಣು ಕುದುರೆ, ಹೊಟ್ಟೆಯ ಕೆಳಗೆ ಮರಿ ಎಂದ. ಕಾವಲುಗಾರನ ಮನೆಯ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿದೆ ಎಂದ. ನಿಕಾನೋರ್ ಎಲ್ಲದಕ್ಕೂ ಹೂಂಗುಟ್ಟಿದ.

ಮೇಲೆ ಹೋದ ಮೇಲೆ ಹೇಳಬೇಕೆಂದು ಅಬಿಲಿಯೊ ತೀರ್ಮಾನಿಸಿದ್ದ: ಮುಂದಿನ ವಾರದಿಂದ ಇಲ್ಲ. ಕಾರಣ ಹುಡುಕಿದ್ದ, ಸಿಕ್ಕಿರಲಿಲ್ಲ. ತಾನು ಬಿಟ್ಟರೆ ನಿಕಾನೋರನನ್ನು ಕೂರಿಸಿಕೊಂಡು ಹೋಗುವವರು ಕಣಿವೆಯಲ್ಲಿ ಯಾರೂ ಇಲ್ಲ ಎಂಬುದು ಗೊತ್ತಿತ್ತು. ಎರಡು ವರ್ಷದ ಹಿಂದೆ ಪಾದ್ರಿಗಳು ಉತ್ಸಾಹದಿಂದ ಹ್ಯಾಂಡಲ್ ಹಿಡಿದು, ಮೊದಲ ತಿರುವಿನಲ್ಲೇ ಇಬ್ಬರನ್ನೂ ನೀರಿನ ಕಾಲುವೆಗೆ ಇಳಿಸಿದ್ದರು. ತನಗೆ ಎರಡನೇ ಸಲ ಜ್ಞಾನಸ್ನಾನವಾಯಿತೆಂದು ನಿಕಾನೋರ್ ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ. ಸೈಕಲ್ಲು ಗೋಡೆಗೆ ನೇತುಬಿದ್ದರೆ ಅವನಿಗೆ ಉಳಿಯುವುದು ಆ ಗೂಡು ಒಂದೇ. ಅದೂ ಅಬಿಲಿಯೊಗೆ ಗೊತ್ತಿತ್ತು. ಗೊತ್ತಿದ್ದದ್ದು ಮನಸ್ಸಿಗೆ ತಾಗುತ್ತಿರಲಿಲ್ಲ.

ಘಾಟಿಯ ತಲೆಯ ಮೇಲೆ ಬೆನಿಲ್ದೆಯ ಹೋಟೆಲು. ಎಪ್ಪತ್ತು ದಾಟಿದ ಹೆಂಗಸು. ಬೆಳ್ಳುಳ್ಳಿ ಸೂಪು, ಒಣಮಾಂಸದ ನಾಲ್ಕು ಚೂರು ಕೊಟ್ಟು, ಈ ವಾರ ನಿನ್ನ ಟಿಕೆಟ್ಟಿಗೆ ಸೊನ್ನೆ ಬಂತು ಎಂದು ನಿಕಾನೋರನನ್ನು ಬೈದಳು. ಹೊರಡುವ ಹೊತ್ತಿಗೆ ಎಂದಿನಂತೆ ಇಬ್ಬರಿಗೂ ಒಂದೊಂದು ಹಳೆಯ ಪೇಪರ್ ತಂದಳು. ಏರುವಾಗ ಬೆವತ ಮೈಗೆ ಇಳಿಯುವಾಗ ಗಾಳಿ ಹೊಡೆಯುತ್ತದೆ. ಅಂಗಿಯೊಳಗೆ ಎದೆಗೆ ಪೇಪರ್ ಇಟ್ಟುಕೊಳ್ಳದೆ ಇಲ್ಲಿ ಯಾವ ಸೈಕಲ್ಲಿನವನೂ ಇಳಿಯುವುದಿಲ್ಲ.

ಅಬಿಲಿಯೊ ತನಗೆ ಬೇಡವೆಂದ.

"ಬೇಡ ಅಂದ್ರೆ? ಎದೆಗೆ ಶೀತ ಹತ್ತಿ ಸಾಯ್ತೀಯ," ಎಂದವಳು ನಾಲಿಗೆ ಕಚ್ಚಿಕೊಂಡಳು. ಅಬಿಲಿಯೊನ ಮುಖ ಹೇಗಿತ್ತೋ ಹಾಗೇ ಇತ್ತು. ಬೆನಿಲ್ದೆ ಪೇಪರನ್ನು ಅವನ ಕೈಗೆ ತುರುಕಿದಳು. "ಶನಿವಾರ ವಾಪಸ್ ತರ್ಬೇಕು. ನಿಮ್ಮಿಬ್ಬರ ಬೆವರು ಕುಡಿದ ಪೇಪರ್ ಉರಿದಷ್ಟು ಚೆನ್ನಾಗಿ ನನ್ನ ಒಲೇಲಿ ಇನ್ಯಾವುದೂ ಉರಿಯಲ್ಲ."

ಹೊರಗೆ ಕಲ್ಲುಬೆಂಚಿನ ಮೇಲೆ ಕೂತು ಅಬಿಲಿಯೊ ಹೇಳಿದ.

"ನಿಕಾ, ಮುಂದಿನ ಶನಿವಾರದಿಂದ ನಾನು ಬರಲ್ಲ."

ನಿಕಾನೋರ್ ಬಾಯಲ್ಲಿದ್ದ ಮಾಂಸದ ಚೂರನ್ನು ಅಗಿದು ಮುಗಿಸಿದ.

"ಮಂಡಿನಾ?"

"ಮಂಡಿ ಚೆನ್ನಾಗಿದೆ."

"ಮತ್ತೆ?"

"ಏನೂ ಇಲ್ಲ."

ನಿಕಾನೋರ್ ಪೇಪರನ್ನು ಮಡಿಲಲ್ಲಿಟ್ಟುಕೊಂಡು ಅಂಗೈಯಿಂದ ನೀವುತ್ತಿದ್ದ. "ಪಾಪ್ಲರ್ ಕಡಿದು ಹಾಕಿದಾರೆ ಕಣೋ," ಎಂದ. "ಒಂದು ಎಲೆ ಸದ್ದಿರಲಿಲ್ಲ. ಹೊಳೆ ಸದ್ದು ನೇರವಾಗಿ ಬಂದು ಕೆನ್ನೆಗೆ ಹೊಡೀತು. ಹಸಿ ಮರದ ಪುಡಿ ವಾಸನೆ ಮೂಗು ತುಂಬ್ತು. ನೀನು ಹಳದಿ ಅಂದೆ."

ಈ ವಾರ ಸೋಮವಾರದಿಂದ ಗುರುವಾರದವರೆಗೂ ಮನೆಯೊಳಕ್ಕೆ ಗರಗಸದ ಸದ್ದು ಕೇಳಿಸಿದ್ದು ಅಬಿಲಿಯೊಗೆ ನೆನಪಾಯಿತು. ಎಲ್ಲಿಂದ ಎಂದು ಯೋಚಿಸಿರಲಿಲ್ಲ.

"ಆ ಕುದುರೆ ಮರಿ," ಎಂದ ನಿಕಾನೋರ್. "ಮೇ ತಿಂಗಳಲ್ಲಿ ಹುಟ್ಟಿದ್ದು. ಇವತ್ತೂ ಅದನ್ನ ತಾಯಿ ಹೊಟ್ಟೆ ಕೆಳಗೇ ನಿಲ್ಲಿಸಿದೆ ನೀನು. ಐದು ತಿಂಗಳಾಯ್ತು. ಬೆಳೆಯೋಕೇ ಬಿಟ್ಟಿಲ್ಲ."

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ಶನಿವಾರ ಬಿಟ್ರೆ ನೀನು ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ ಊರೆಲ್ಲ ಹೇಳ್ತಿತ್ತು. ಸುಳ್ಳಾದ್ರೂ ಆಡ್ಲಿ ಅಂದ್ಕೊಂಡೆ." ಅವನು ಎದ್ದು ಪೇಪರನ್ನು ಅಂಗಿಯೊಳಗೆ ಸೇರಿಸಿದ. "ಬರಲ್ಲ ಅಂದ್ರೆ ಬರಬೇಡ. ಇವತ್ತು ಇಳಿಯುವಾಗ ತಿರುವು ಮಾತ್ರ ಹೇಳು. ಬೇರೇನೂ ಬೇಡ."

ಇಳಿದರು. ಹತ್ತೊಂಬತ್ತು ತಿರುವು. ಎಡ ಎಂದ ಅಬಿಲಿಯೊ, ಬಲ ಎಂದ, ಬ್ರೇಕು ಎಂದ. ಹಿಂದಿನ ಮೈ ಅವನ ಮೈಯೊಂದಿಗೇ ವಾಲಿತು, ಎದ್ದಿತು. ಗಾಳಿಗೆ ಅವನ ಬೆರಳು ಮರಗಟ್ಟಿದವು. ಬ್ರೇಕು ಹಿಡಿದದ್ದು ತನ್ನ ಕೈಯೋ ಇನ್ನೊಬ್ಬರದೋ ತಿಳಿಯದಂತಾಯಿತು. ಮುರಿದ ಗೋಡೆ ಹಾದುಹೋಯಿತು. ಅವನು ಅದನ್ನು ಹೇಳಲಿಲ್ಲ.

ಹೊಳೆಯ ಬದಿಯ ನೇರ ರಸ್ತೆಗೆ ಬಂದಾಗ ಅಬಿಲಿಯೊ ಏನೂ ಹೇಳದೆ ಬ್ರೇಕು ಹಿಡಿದ. ನಿಕಾನೋರನ ಮೂಗು ಅವನ ಬೆನ್ನಿಗೆ ಬಡಿಯಿತು.

"ಹೇಳಿ ನಿಲ್ಸೋ, ಕತ್ತೆ."

"ನಿಲ್ಲಿಸ್ತಿದೀನಿ," ಎಂದ ಅಬಿಲಿಯೊ, ನಿಲ್ಲಿಸಿ ಆದ ಮೇಲೆ.

ಇಬ್ಬರೂ ಒಂದೊಂದು ಕಾಲು ನೆಲಕ್ಕೂರಿದರು. ಅಬಿಲಿಯೊ ತಲೆಯೆತ್ತಿ ನೋಡಿದ. ಬಹಳ ಹೊತ್ತು ನೋಡಿದ.

"ಬರೀ ಬುಡ," ಎಂದ. "ಮೊಣಕಾಲೆತ್ತರಾನೂ ಇಲ್ಲ. ಸಾಲುಸಾಲು. ಕೊಯ್ದ ಜಾಗ ಬೆಳ್ಳಗಿದೆ, ಬ್ರೆಡ್ಡಿನ ತಿರುಳಿನ ಹಾಗೆ."

"ಆಚೆಗೆ?"

"ಹೊಳೆ."

"ಹೊಳೆ ಆಚೆಗೆ?"

"ಒಂದು ಮನೆ."

"ಯಾರದ್ದು?"

ಈ ರಸ್ತೆಯಲ್ಲಿ ಇಷ್ಟು ವರ್ಷ ಸೈಕಲ್ಲು ತುಳಿದಿದ್ದರೂ ಎಲೆ ತುಂಬಿದ ಮರಗಳ ಹಿಂದಿನಿಂದ ಆ ಮನೆ ಕಂಡದ್ದೇ ಇಲ್ಲ. ಅಬಿಲಿಯೊ ಮೊದಲು ಹಂಚು ನೋಡಿದ, ಆಮೇಲೆ ಚಿಮಣಿ ನೋಡಿದ.

"ನಮ್ಮದು. ಹಿಂಬದಿ."

ನಿಕಾನೋರ್ ಹೊಳೆಯತ್ತ ಮುಖ ತಿರುಗಿಸಿದ. ಕಾದ.

"ಅಡುಗೆಮನೆ ಕಿಟಕಿ," ಎಂದ ಅಬಿಲಿಯೊ. "ಶಟರ್ ಪೂರ್ತಿ ಕೆಳಗೆ ಎಳೆದಿದೆ."

"ಹಗಲಲ್ಲೂ?"

"ಜೂನ್‌ನಿಂದ. ಹೊರಗೆ ಮೂರು ಜೆರೇನಿಯಂ ಹೂಕುಂಡ ಇತ್ತು. ಈಗ ಎರಡಿದೆ. ಒಣಗಿ ಕಪ್ಪಾಗಿದೆ. ತಂತಿ ಮೇಲೆ ಒಂದು ಒರೆಸೋ ಬಟ್ಟೆ ಇದೆ. ನೀಲಿ ಚೌಕುಳಿ. ಬಿಸಿಲಿಗೆ ಬಣ್ಣ ಹೋಗಿದೆ. ಅವಳು ಒಣಹಾಕಿದ್ದು... ಯಾರೂ ತೆಗೆದಿಲ್ಲ."

"ಎಲ್ಲಿ?"

ಅಬಿಲಿಯೊ ಕೈಯೆತ್ತಿ ತೋರಿಸಿದ. ತೋರಿಸಿ, ಕೈ ಇಳಿಸಿದ. ಆಮೇಲೆ ನಿಕಾನೋರನ ಮಣಿಕಟ್ಟು ಹಿಡಿದು ಅವನ ತೋಳನ್ನು ಹೊಳೆಯಾಚೆಗೆ ನೀಡಿದ. ನಿಕಾನೋರ್ ತೋರುಬೆರಳು ಬಿಡಿಸಿದ.

"ಇಲ್ಲಾ?"

"ಸ್ವಲ್ಪ ಕೆಳಗೆ. ಎಡಕ್ಕೆ. ಹಾಂ."

ಹೊಳೆಯ ಕಡೆಯಿಂದ ಗಾಳಿ ಬಂತು. ಎರಡೂ ಅಂಗಿಗಳೊಳಗಿನ ಪೇಪರು ಸರಸರ ಎಂದಿತು. ಗಾಳಿಗೆ ಸದ್ದು ಮಾಡುವಂಥದ್ದು ಅಲ್ಲಿ ಬೇರೇನೂ ಉಳಿದಿರಲಿಲ್ಲ.

ಸೇತುವೆ ಬಳಸಿ ಮನೆಗೆ ಹೋಗಲು ಉಳಿದ ಎರಡು ಮೈಲಿಯಲ್ಲಿ ಅಬಿಲಿಯೊ ಒಂದು ಗುಂಡಿ ಹೇಳಿದ. ಒಂದು ಟ್ರಾಕ್ಟರ್ ಹೇಳಿದ. ಸೇತುವೆಯ ಮೇಲೆ ಒಂದು ನಾಯಿ ಹೇಳಿದ. ಯಾವ ಬಣ್ಣ ಎಂದು ನಿಕಾನೋರ್ ಕೇಳಲಿಲ್ಲ. ಸೇತುವೆ ದಾಟಿ ಸುಮಾರು ದೂರ ಹೋದ ಮೇಲೆ ಅಬಿಲಿಯೊ, "ಬೂದಿ," ಎಂದ.

ಗೇಟಿನ ಮುಂದೆ ಇಳಿದರು. ನಿಕಾನೋರ್ ಅಂಗಿಯೊಳಗಿಂದ ಬೆಚ್ಚಗೆ ಒದ್ದೆಯಾಗಿದ್ದ ಪೇಪರನ್ನು ಎಳೆದು, ಎಂದಿನಂತೆ, ಬೆನಿಲ್ದೆಗೆ ವಾಪಸ್ ಒಯ್ಯುವುದಕ್ಕೆಂದು, ಗಾಳಿಯಲ್ಲಿ ಮುಂದಕ್ಕೆ ಹಿಡಿದ. ಅದು ಸ್ವಲ್ಪ ಹೊತ್ತು ಅವನ ಕೈಯಲ್ಲೇ ಉಳಿಯಿತು. ಆಮೇಲೆ ಅಬಿಲಿಯೊ ತೆಗೆದುಕೊಂಡ. ಇನ್ನೊಂದು ಅಂಗಿಯ ಜಿಪ್ಪು ಇಳಿಯಿತು, ಇನ್ನೊಂದು ಪೇಪರು ಹೊರಬಂತು. ನಿಕಾನೋರ್ ಮಡಿಸಿಟ್ಟ ತನ್ನ ಬಿಳಿಕೋಲನ್ನು ಬಿಚ್ಚದೆ, ತಲೆ ಓರೆ ಮಾಡಿಕೊಂಡು ನಿಂತ. ಎರಡನ್ನೂ ಒಂದರೊಳಗೊಂದು ಇಟ್ಟು ಮಡಿಸುವ ಸದ್ದು: ಒಂದು ಮಡಿಕೆ, ಬೆರಳಿನಿಂದ ಅದನ್ನು ಗೀರಿದ್ದು, ಮತ್ತೊಂದು ಮಡಿಕೆ. ಕೊನೆಗೆ, ಅದು ಅಬಿಲಿಯೊನ ಅಂಗಿಯ ಬೆನ್ನ ಹಿಂದಿನ ಜೇಬಿಗೆ ಇಳಿದದ್ದು.