ಒಲೆಯಜ್ಜಿ ಸಾಯದ ಹದಿನಾಲ್ಕು ಅಧ್ಯಾಯ

ಕೋಟುಗಳಿಗೆ ಗುಂಡಿ ಹೊಲಿಯುವ ಮೇಲಂತಸ್ತಿನ ಕೋಣೆಯಲ್ಲಿ ಹನ್ನೊಂದು ಹೆಂಗಸರು ಕೂರುತ್ತಿದ್ದರು. ಹತ್ತು ಮಂದಿಯ ಕೈಯಲ್ಲಿ ಸೂಜಿ, ಒಬ್ಬಳ ಕೈಯಲ್ಲಿ ಪುಸ್ತಕ. ಹೊಲಿಗೆ ಯಂತ್ರಗಳ ಗಲಾಟೆಯೆಲ್ಲ ಕೆಳಗಡೆ. ಮೇಲೆ ಕೈಕೆಲಸ ಮಾತ್ರ, ಹಾಗಾಗಿ ಓದಿದ್ದು ಎಲ್ಲರಿಗೂ ಕೇಳುತ್ತಿತ್ತು. ಓದುವವಳ ಪಾಲಿನ ಗುಂಡಿಗಳನ್ನು ಉಳಿದವರು ಹಂಚಿಕೊಂಡು ಹೊಲಿಯುತ್ತಿದ್ದರು. ಇದು ಯಜಮಾನರು ಮಾಡಿದ ಏರ್ಪಾಡಲ್ಲ, ಹೆಂಗಸರೇ ಮಾಡಿಕೊಂಡದ್ದು. ಷರತ್ತು ಒಂದೇ: ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಓದಬೇಕು.

ಷರತ್ತು ಬರೀ ಬಾಯಿಮಾತಿನದಾಗಿರಲಿಲ್ಲ. ಹಿಂದೆ ಓದುತ್ತಿದ್ದವಳು ಮರ, ಮೋಡ, ಬೆಟ್ಟದ ವರ್ಣನೆ ಬಂದಾಗಲೆಲ್ಲ ಎರಡೆರಡು ಹಾಳೆ ಒಟ್ಟಿಗೆ ಮಗುಚುತ್ತಿದ್ದಳು. ಒಂದು ದಿನ ಹಾಗೆ ಮಗುಚುವಾಗ ನಾಯಕಿಯ ಮದುವೆಯೇ ಹಾರಿಹೋಗಿ, ಅವಳಿಗೆ ಇದ್ದಕ್ಕಿದ್ದಂತೆ ಇಬ್ಬರು ಮಕ್ಕಳಾಗಿಬಿಟ್ಟರು. ಅವತ್ತೇ ಓದುವವಳನ್ನು ಕುರ್ಚಿಯಿಂದ ಇಳಿಸಿ ಕೈಗೆ ಸೂಜಿ ಕೊಟ್ಟರು. ಕತ್ತರಿ ಎಂಬ ಹೆಸರು ಅವಳಿಗೆ ಅಂಟಿಕೊಂಡದ್ದು ಆಗಲೇ.

ಆಮೇಲೆ ಕುರ್ಚಿ ಸಿಕ್ಕಿದ್ದು ರೇಡಿಯೋಗೆ. ಊಟದ ಹೊತ್ತಿನಲ್ಲೂ ಬಾಯಿ ಮುಚ್ಚದವಳಿಗೆ ಬೇರೆ ಹೆಸರು ಎಲ್ಲಿಂದ ಬರಬೇಕು? ಅವಳು ಹೊಲಿದ ಗುಂಡಿ, ಕೋಟು ತೊಟ್ಟವನು ಜೋರಾಗಿ ಉಸಿರೆಳೆದರೆ ಉದುರುತ್ತದೆ ಎನ್ನುವುದು ಕೋಣೆಯ ಹಳೇ ತಮಾಷೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಓದಲು ಕೂತಳೆಂದರೆ ಹತ್ತು ಸೂಜಿಗಳೂ ಕೋಟಿನಲ್ಲೇ ನಿಂತುಬಿಡುತ್ತಿದ್ದವು. ಬದುಕಿನಲ್ಲಿ ಅವಳು ಮನಸಾರೆ ಮಾಡಿ ನಾಲ್ಕು ಜನರಿಂದ ಸೈ ಎನಿಸಿಕೊಂಡ ಕೆಲಸ ಅದೊಂದೇ. ಆ ಕುರ್ಚಿ ಕೈತಪ್ಪುವ ಯೋಚನೆಯೇ ಅವಳಿಗೆ ಬೇಡವಾಗಿತ್ತು.

ಕಳೆದ ವರ್ಷ ಅವಳು ಮಗಳ ಚೀಲದಿಂದ ಎತ್ತಿಕೊಂಡು ಬಂದದ್ದು ‘ಬಿಸಿಲ ಚೀಟಿ’ ಎಂಬ ಕಾದಂಬರಿ. ಕಾಲೇಜಿನ ಹುಡುಗ ಹುಡುಗಿಯರೆಲ್ಲ ಹುಚ್ಚು ಹಿಡಿದವರ ಹಾಗೆ ಓದುತ್ತಿದ್ದ ಪುಸ್ತಕ. ಮುಂದೆಂದೋ ಬರುವ ಕಾಲದ ಕಥೆ. ಊರಿಗೆ ಊರೇ ತಗಡಿನ ಸೂರಿನ ಕೆಳಗೆ. ತಲೆಗೆ ವಾರಕ್ಕೆ ಅರ್ಧ ಗಂಟೆ ಬಿಸಿಲು, ಅದಕ್ಕೂ ಸರ್ಕಾರದ ಚೀಟಿ. ಎದುರು ಮಾತಾಡಿದರೆ ಚೀಟಿ ರದ್ದು. ಹದಿನಾರರ ಹುಡುಗಿಯೊಬ್ಬಳು ಆ ತಗಡು ಕೀಳಲು ಹೊರಡುತ್ತಾಳೆ. ಅವಳನ್ನು ತನ್ನ ಬೇಕರಿಯ ಆರಿದ ಒಲೆಯೊಳಗೆ ಬಚ್ಚಿಟ್ಟು ಕಾಪಾಡುವವಳು ಒಲೆಯಜ್ಜಿ. ಮೊಣಕಾಲು ನೋವಿನ, ಬಾಯಿ ಜೋರಿನ, ಯಾರಿಗೂ ಸೊಪ್ಪು ಹಾಕದ ಮುದುಕಿ. ಕೋಣೆಯವರಿಗೆ ಹುಡುಗಿಗಿಂತ ಅಜ್ಜಿಯೇ ಹೆಚ್ಚು ಹಿಡಿಸಿದಳು.

“ಬರೆದೋರು ಯಾರೋ, ನನ್ನನ್ನ ನೋಡ್ಕೊಂಡೇ ಬರೆದಿದಾರೆ ಕಣ್ರೇ,” ಎಂದವಳು ದೊಡ್ಡಮ್ಮ. ಕೋಣೆಗೆಲ್ಲ ಹಿರಿಯಳು; ಯಜಮಾನರು ಮೆಟ್ಟಿಲು ಹತ್ತಿ ಬಂದರೂ ಕೂತಲ್ಲಿಂದ ಏಳದವಳು. ಅವಳು ಹೇಳಿದ್ದನ್ನು ಯಾರೂ ಅಲ್ಲಗಳೆಯಲಿಲ್ಲ.

ಪುಸ್ತಕ ಅರ್ಧ ದಾಟಿದಾಗ ದೊಡ್ಡಮ್ಮನಿಗೆ ಹೊಟ್ಟೆಯ ಆಪರೇಷನ್ ಆಯಿತು. ಅವಳಿಲ್ಲದೆ ಮುಂದೆ ಓದುವುದು ಬೇಡವೆಂದು ಆರು ವಾರ ಪುಸ್ತಕ ಮುಚ್ಚಿಟ್ಟರು. ತಿರುಗಿ ಬಂದಾಗ ಅವಳು ಅರ್ಧ ಆಳಾಗಿದ್ದಳು, ಸೂಜಿಗೆ ದಾರ ಪೋಣಿಸಲೂ ಕೈ ನಡುಗುತ್ತಿತ್ತು. “ಎಲ್ಲಿಗೆ ಬಂದಿದ್ಲೇ ನಮ್ಮಜ್ಜಿ?” ಎಂದಷ್ಟೇ ಕೇಳಿದಳು.

ರೇಡಿಯೋ ಅವತ್ತು ಬೆಳಿಗ್ಗೆ ಹತ್ತೊಂಬತ್ತನೆಯ ಅಧ್ಯಾಯದ ಅರ್ಧ ಓದಿದಳು. ಊಟ ಮುಗಿಸಿ ಬಂದು ಹಾಳೆ ತಿರುಗಿಸಿದರೆ ಎದುರಿಗಿತ್ತು: ‘ಬಂದೂಕಿನ ಸದ್ದಾಯಿತು. ಒಲೆಯಜ್ಜಿ ಹೆಬ್ಬಾಗಿಲ ಬಳಿ ಬಿದ್ದಳು. ಮತ್ತೆ ಏಳಲಿಲ್ಲ.’ ರೇಡಿಯೋ ‘ಬಿದ್ದಳು’ ಎನ್ನುವವರೆಗೆ ಓದಿ ತಲೆಯೆತ್ತಿದಳು. ದೊಡ್ಡಮ್ಮ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದಳು. ರೇಡಿಯೋಳ ನಾಲಿಗೆ ತಾನಾಗಿಯೇ ಹೊರಳಿತು.

“ಬಿದ್ದಳು. ಎದ್ದಳು,” ಎಂದು ಓದಿದಳು. “ಮೊಣಕಾಲಿನ ಧೂಳು ಕೊಡವಿಕೊಂಡು, ‘ಗುರಿ ಇಡೋಕೂ ಬರಲ್ವಲ್ಲೋ ನಿನಗೆ’ ಅಂತ ಕಾವಲುಗಾರನಿಗೆ ಬೈದಳು.”

ಕೋಣೆಯೆಲ್ಲ ನಕ್ಕಿತು. ನಿಜವಾದ ಪೇಚಾಟ ಶುರುವಾದದ್ದು ಮಾರನೆಯ ದಿನ. ಬದುಕಿರುವ ಮುದುಕಿಯನ್ನು ಸುಮ್ಮನೆ ಕೂರಿಸುವಂತಿಲ್ಲ, ಇನ್ನೂ ಹದಿನಾಲ್ಕು ಅಧ್ಯಾಯ ಬಾಕಿ. ರೇಡಿಯೋ ದಿನಾ ಬಸ್ಸಿನಲ್ಲಿ ಬರುವಾಗ ಒಲೆಯಜ್ಜಿಗೆ ಅವತ್ತಿನ ಕೆಲಸ ಹುಡುಕುತ್ತಿದ್ದಳು. ಒಂದು ದಿನ ಅಜ್ಜಿ ಲಾರಿ ಓಡಿಸಿದಳು, ಇನ್ನೊಂದು ದಿನ ಸರ್ಕಾರದ ಮುಖ್ಯಸ್ಥನನ್ನು ಅಡುಗೆಮನೆಯಲ್ಲಿ ಕೂರಿಸಿ ಅವನ ಕೈಲಿ ಈರುಳ್ಳಿ ಹೆಚ್ಚಿಸಿದಳು. ಕೊನೆಯ ಅಧ್ಯಾಯದಲ್ಲಿ ತಗಡು ಕಿತ್ತುಬಂದು ಮೊದಲ ಬಿಸಿಲು ಬಿದ್ದದ್ದು ಅಜ್ಜಿಯ ನೋಯುವ ಮೊಣಕಾಲಿನ ಮೇಲೆ. ಹೆಂಗಸರು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಅಷ್ಟು ಹೊತ್ತಿಗೆ ದೊಡ್ಡಮ್ಮನ ಕೈನಡುಕವೂ ನಿಂತಿತ್ತು. ಪುಸ್ತಕ ಮಗಳ ಚೀಲಕ್ಕೆ ವಾಪಸಾಯಿತು, ರೇಡಿಯೋ ನೆಮ್ಮದಿಯ ಉಸಿರು ಬಿಟ್ಟಳು.

ಈ ವರ್ಷ ಅದೇ ಕಥೆ ಸಿನಿಮಾ ಆಯಿತು. ಸುದ್ದಿ ತಂದವಳು ಕತ್ತರಿ. “ಪುಸ್ತಕದಲ್ಲಿ ಇದ್ದಿದ್ದನ್ನ ಚಾಚೂ ತಪ್ಪದೆ ತೆಗೆದಿದಾರಂತೆ, ಪೋಸ್ಟರಿನ ಮೇಲೇ ಹಾಕಿದಾರೆ. ರಜಾ ದಿನ ಮಧ್ಯಾಹ್ನದ ಆಟಕ್ಕೆ ಎಲ್ಲಾರೂ ಹೋಗೋಣ.”

ರೇಡಿಯೋ ಕೆನ್ನೆ ಹಿಡಿದುಕೊಂಡಳು. “ನನಗೆ ಹಲ್ಲುನೋವು,” ಎಂದಳು.

“ನೋಡೋದು ಕಣ್ಣಲ್ಲಿ ಕಣೇ. ಪಾಪ್‌ಕಾರ್ನ್ ತಿನ್ಬೇಡ, ಆಯ್ತಲ್ಲ.”

ಹನ್ನೊಂದು ಮಂದಿಯೂ ಒಂದೇ ಸಾಲಿನಲ್ಲಿ ಕೂತರು. ರೇಡಿಯೋಳ ಪಕ್ಕದಲ್ಲೇ ದೊಡ್ಡಮ್ಮ. ಪೋಸ್ಟರು ಸುಳ್ಳು ಹೇಳಿರಲಿಲ್ಲ. ಬೇಕರಿಯ ಹಸಿರು ಬಾಗಿಲು, ಚೀಟಿಯ ಹರಿದ ಮೂಲೆ, ಹುಡುಗಿಯ ಒಂಟಿ ಬೂಟು, ಎಲ್ಲವೂ ಇದ್ದ ಹಾಗೆಯೇ ಬಂದವು. “ರೇಡಿಯೋ ಓದಿದ ಹಾಗೇ ಇದೆ ನೋಡ್ರೇ,” ಎಂದು ಸಾಲಿನುದ್ದಕ್ಕೂ ಪಿಸುಮಾತು. ಒಂದೊಂದು ಹೊಗಳಿಕೆಗೂ ರೇಡಿಯೋ ಕುರ್ಚಿಯಲ್ಲಿ ಒಂದೊಂದು ಇಂಚು ಕೆಳಗೆ ಜಾರಿದಳು.

ಬಂದೂಕಿನ ಸದ್ದಾಯಿತು. ಒಲೆಯಜ್ಜಿ ಹೆಬ್ಬಾಗಿಲ ಬಳಿ ಬಿದ್ದಳು.

“ಏಳ್ತಾಳೆ ಇರ್ರೇ, ಈಗ ಬೈತಾಳೆ,” ಎಂದು ಕತ್ತರಿ ಧೈರ್ಯ ಹೇಳಿದಳು. ಎಲ್ಲರೂ ಕಾದರು. ಅಜ್ಜಿ ಏಳಲಿಲ್ಲ. ಹುಡುಗಿ ಓಡಿ ಬಂದು ಅವಳ ಮೇಲೆ ಬಿದ್ದು ಅತ್ತಳು, ಸಂಗೀತ ಬಂತು, ಮಧ್ಯಂತರವೆಂದು ದೀಪ ಹತ್ತಿದವು.

ಕತ್ತರಿ ಎದ್ದು ನಿಂತಳು. “ಇದು ಹಗಲುದರೋಡೆ. ಪುಸ್ತಕದಲ್ಲಿ ಹೀಗಿಲ್ಲ. ಅವಳು ಸಾಯೋದೇ ಇಲ್ಲ.”

ಮುಂದಿನ ಸಾಲಿನ ಕನ್ನಡಕದ ಹುಡುಗಿ ಹಿಂತಿರುಗಿದಳು. ತೊಡೆಯ ಮೇಲೆ ‘ಬಿಸಿಲ ಚೀಟಿ’ ಇತ್ತು. “ಹೀಗೇ ಇದೆ ಆಂಟಿ. ಹತ್ತೊಂಬತ್ತನೇ ಅಧ್ಯಾಯ,” ಎಂದು ಹಾಳೆ ತೆಗೆದು ಕೊಟ್ಟಳು. ಕತ್ತರಿ ಮೂರು ಸಾಲನ್ನೂ ಜೋರಾಗಿ ಓದಿದಳು, ಒಂದಕ್ಷರವನ್ನೂ ಬಿಡದೆ. ಆಮೇಲೆ ಎಲ್ಲರ ಕಣ್ಣೂ ರೇಡಿಯೋಳ ಕಡೆ ತಿರುಗಿತು.

“ನಾನೇ ಬದಲಾಯಿಸಿದ್ದು,” ಎಂದಳು ರೇಡಿಯೋ. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ಯಾರೂ ಕೇಳಿರಲಿಲ್ಲ. “ಅವತ್ತು ದೊಡ್ಡಮ್ಮನ ಮುಖ ನೋಡ್ಕೊಂಡು ಅಜ್ಜೀನ ಸಾಯ್ಸೋಕೆ ನನ್ನ ಕೈಲಿ ಆಗ್ಲಿಲ್ಲ. ಷರತ್ತು ಮುರಿದಿದೀನಿ. ನಾಳೆಯಿಂದ ನನ್ನ ಗುಂಡಿ ನಾನೇ ಹೊಲ್ಕೋತೀನಿ.”

“ಎರಡು ಹಾಳೆ ಹಾರಿಸಿದ್ದಕ್ಕೆ ನನ್ನನ್ನ ಇಳಿಸಿದ್ರಿ,” ಎಂದಳು ಕತ್ತರಿ. “ಇವಳು ಹದಿನಾಲ್ಕು ಅಧ್ಯಾಯ ಸುಳ್ಳು ಓದಿದಾಳೆ.”

“ನನಗೆ ಗೊತ್ತಿತ್ತು,” ಎಂದಳು ದೊಡ್ಡಮ್ಮ.

ದೊಡ್ಡಮ್ಮ ಪರದೆಯ ಕಡೆ ನೋಡುತ್ತಲೇ ಹೇಳಿದಳು. “ಅವತ್ತು ನೀವೆಲ್ಲ ಊಟಕ್ಕೆ ಇಳಿದಾಗ ನನ್ನ ಕೈಲಿ ಮೆಟ್ಟಿಲು ಇಳಿಯೋಕಾಗ್ಲಿಲ್ಲ. ಪುಸ್ತಕ ಕುರ್ಚಿ ಮೇಲಿತ್ತು. ಹಾಳೆ ತಿರುಗಿಸಿ ಓದ್ದೆ, ಅಜ್ಜಿ ಸತ್ತಿದ್ಲು. ನಂದೂ ಇಷ್ಟೇ ಅನ್ನಿಸ್ತು. ನಾಳೆಯಿಂದ ಬರಲ್ಲ, ಮನೇಲೇ ಮಲಗಿರ್ತೀನಿ ಅಂತ ಮನಸ್ಸು ಮಾಡ್ಬಿಟ್ಟಿದ್ದೆ. ಮಧ್ಯಾಹ್ನ ಇವಳು ಕಣ್ಣೆದುರೇ ಅವಳನ್ನ ಎಬ್ಬಿಸಿ ನಿಲ್ಲಿಸಿದ್ಲು. ನಾಳೆ ಏನ್ಮಾಡಿಸ್ತಾಳೋ ನೋಡೇಬಿಡೋಣ ಅಂತ ಮಾರನೇ ದಿನ ಬಂದೆ. ಹಾಗೇ ದಿನಾ ಬಂದೆ.”

ರೇಡಿಯೋಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಅವಳು ದೊಡ್ಡಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕತ್ತರಿ ಮೂಗು ಸೀಟಿಕೊಂಡಳು. “ಹಾಗಾದ್ರೆ ಆ ಲಾರಿ?”

“ನಂದೇ.”

“ಮುಖ್ಯಸ್ಥನ ಕೈಲಿ ಈರುಳ್ಳಿ ಹೆಚ್ಚಿಸಿದ್ದು?”

“ಅದೂ ನಂದೇ.”

“ಇಡೀ ಪುಸ್ತಕದಲ್ಲಿ ಚೆನ್ನಾಗಿದ್ದಿದ್ದೇ ಅವೆರಡು ಕಣೇ, ಹಾಳಾದೋಳೇ,” ಎಂದಳು ಕತ್ತರಿ.

“ಲಾರಿನಾ?” ಮುಂದಿನ ಸಾಲಿನ ಹುಡುಗಿ ಕನ್ನಡಕ ಸರಿಮಾಡಿಕೊಂಡಳು. “ಯಾವ ಲಾರಿ ಆಂಟಿ?”

ಗಂಟೆ ಹೊಡೆದು ದೀಪ ಆರಿದಾಗ ಆ ಸಾಲು ಪೂರ್ತಿ ಖಾಲಿಯಾಗಿತ್ತು. ಹನ್ನೊಂದು ಮಂದಿಯೂ ಚಿತ್ರಮಂದಿರದ ಮುಂದಿನ ಮೆಟ್ಟಿಲುಗಳ ಮೇಲೆ, ಮಧ್ಯಾಹ್ನದ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಹನ್ನೆರಡನೆಯವಳು ಆ ಹುಡುಗಿ. ಅವಳ ಪುಸ್ತಕ ಮುಚ್ಚಿತ್ತು. ರೇಡಿಯೋಗೆ ಮೇಲಿನ ಮೆಟ್ಟಿಲು ಬಿಟ್ಟುಕೊಟ್ಟಿದ್ದರು.

“ಷರತ್ತು ಹಳೇದೇ,” ಎಂದಳು ದೊಡ್ಡಮ್ಮ. “ಇದ್ದಿದ್ದು ಇದ್ದ ಹಾಗೇ.”

ರೇಡಿಯೋ ಗಂಟಲು ಸರಿಮಾಡಿಕೊಂಡಳು. “ಬಿದ್ದಳು. ಎದ್ದಳು. ಮೊಣಕಾಲಿನ ಧೂಳು ಕೊಡವಿಕೊಂಡಳು. ಆಚೆ ಬೀದಿಯಲ್ಲಿ ಒಂದು ಹಸಿರು ಲಾರಿ ನಿಂತಿತ್ತು.”

“ನೀಲಿ,” ಎಂದಳು ಕತ್ತರಿ. “ಹೋದ ಸಲ ನೀಲಿ ಲಾರಿ. ಬದಲಾಯಿಸಿದ್ರೆ ಇಳಿಸಿಬಿಡ್ತೀವಿ.”

ರೇಡಿಯೋ ನಾಲಿಗೆ ಕಚ್ಚಿಕೊಂಡು ಲಾರಿಗೆ ನೀಲಿ ಬಣ್ಣ ಕೊಟ್ಟಳು, ಒಲೆಯಜ್ಜಿ ಗೊಣಗುತ್ತಾ ಅದನ್ನು ಹತ್ತಿ ಕೂತಳು.