ನಮ್ಮದೇ ರಕ್ತ ಅಂದ ಮೇಲೆ

ಸನಿಯ್ಯಾಳ ಮಗಳು ರಾವಿಯಾಗೆ ಮರುದಿನ ಹೆರಿಗೆಯ ಆಪರೇಷನ್. ಎರಡು ಚೀಲ ರಕ್ತ ಸಿದ್ಧವಿರಲಿ ಎಂದರು ಡಾಕ್ಟರು. ಸುದ್ದಿ ಮುಟ್ಟಿದ್ದೇ ತಡ, ಸನಿಯ್ಯಾಳ ತಮ್ಮ ಅಬ್ದುಲ್ ಆಲ್ ತನ್ನ ಮೂವರು ಗಂಡುಮಕ್ಕಳನ್ನು ಪಿಕಪ್ಪಿಗೆ ಹತ್ತಿಸಿಕೊಂಡು ಸೊಹಾಗ್ ಪಟ್ಟಣದ ಆಸ್ಪತ್ರೆಗೆ ಬಂದೇಬಿಟ್ಟ.

"ರಕ್ತ ತಗೊಂಡ ಮೇಲೆ ಪರೀಕ್ಷೆ ಮಾಡ್ತೀವಿ" ಎಂದಳು ನರ್ಸ್ ದಮಿಯಾನಾ. "ಎಚ್‌ಐವಿ, ಕಾಮಾಲೆ ಎಲ್ಲಾ ನೋಡ್ತೀವಿ."

ಮಡಚಿದ್ದ ಗಿಲಾಬಿಯಾ ನಿಲುವಂಗಿಯ ತೋಳನ್ನು ಅಬ್ದುಲ್ ಆಲ್ ಕೆಳಗಿಳಿಸಿದ. "ಏನಮ್ಮಾ, ನಮ್ಮ ಮನೆತನಕ್ಕೇ ಮಸಿ ಬಳೀತೀಯಾ? ನಮ್ಮ ಹುಡುಗಿಗೆ ನಮ್ಮದೇ ರಕ್ತ. ಪರೀಕ್ಷೆ ಯಾಕೆ? ಹೇಳಕ್ಕಾ ಇವಳಿಗೆ!"

ಸನಿಯ್ಯಾ ಪಕ್ಕಕ್ಕೆ ತಿರುಗಿ ನೋಡಿದಳು. ಏಳು ವರ್ಷದ ಹಿಂದೆ ಇದೇ ಮಾತನ್ನು ಅವಳೇ ಆಡಿದ್ದಳು, ಇದೇ ಜಂಬದಲ್ಲಿ. ಪಕ್ಕದಲ್ಲಿದ್ದ ಸೊಸೆ ಇಂತಿಸಾರ್ ಮೆಲ್ಲಗೆ, "ಹೇಳಿಬಿಡಿ ಅತ್ತೆ. ನನ್ನ ಹೆಸರು ಹಿಡಿದೇ ಹೇಳಿ" ಎಂದಳು.

"ತಮ್ಮಾ, ನಮ್ಮ ಇಂತಿಸಾರಳ ಮೊದಲ ಹೆರಿಗೇಲಿ ರಕ್ತ ನಿಲ್ಲಲಿಲ್ಲ ನೋಡು. ರಕ್ತದ ಬ್ಯಾಂಕಿಂದ ತರಿಸ್ತೀವಿ ಅಂದ್ರು. ಯಾರದೋ ರಕ್ತ ನಮ್ಮ ಮನೆಗೆ ಬೇಡ ಅಂತ ನಾನೇ ಹಟ ಹಿಡಿದೆ. ನಮ್ಮವನೊಬ್ಬನ ರಕ್ತಾನ ಪರೀಕ್ಷೆ ಇಲ್ದೆ ಹಾಕಿಸ್ದೆ. ಅದರಲ್ಲಿ ಎಚ್‌ಐವಿ ಇತ್ತು. ಕೊಟ್ಟವನಿಗೂ ಗೊತ್ತಿರಲಿಲ್ಲ, ಪಾಪ." ಸನಿಯ್ಯಾ ಕಣ್ಣೊರೆಸಿಕೊಂಡಳು. "ಸಾಲದ್ದಕ್ಕೆ ಇವಳ ಚಹಾ ಲೋಟ ಬೇರೆ ಇಟ್ಟೆ. ಲೋಟದಿಂದ ಅಂಟೋದಲ್ಲ ಅಂತ ಬುದ್ಧಿ ಬರೋಕೆ ಎರಡು ವರ್ಷ ಬೇಕಾಯ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ, ಹಾಗಾಯ್ತು. ಇವಳು ದಿನಾ ಮಾತ್ರೆ ತಗೊಂಡು ಗಟ್ಟಿಯಾಗಿದಾಳೆ. ನಾನು ಮಾಡಿದ ತಪ್ಪಿಗೆ ಯಾವ ಔಷಧಿ?"

ಅಬ್ದುಲ್ ಆಲ್ ಮಕ್ಕಳನ್ನು ಮುಂದೆ ಕಳಿಸಿ ತಾನು ಬೆಂಚಿನ ಮೇಲೆ ಕುಳಿತ.

"ಪರೀಕ್ಷೆಯಾದ ರಕ್ತ ಇದೆ, ರಾವಿಯಾಗೆ ಅದನ್ನೇ ಕೊಡ್ತೀವಿ. ನಿಮ್ಮದು ಪರೀಕ್ಷೆ ಮುಗಿದ ಮೇಲೆ ಇನ್ನೊಬ್ಬರಿಗೆ" ಎಂದಳು ದಮಿಯಾನಾ. "ಸೋಂಕು ತೀರಾ ಹೊಸದಾಗಿದ್ರೆ ಪರೀಕ್ಷೆಗೂ ಸಿಗದೆ ಹೋಗಬಹುದು. ಅದಕ್ಕೇ ಮೊದಲು ಒಬ್ಬೊಬ್ಬರನ್ನೇ ಒಳಗೆ ಕರೆದು, ಸೋಂಕು ತಗಲುವಂಥದ್ದೇನಾದ್ರೂ ಆಗಿದೆಯಾ ಅಂತ ಕೇಳ್ತೀವಿ. ನಿಜ ಹೇಳಿ. ಮಾತು ಹೊರಗೆ ಹೋಗಲ್ಲ."

ಮಕ್ಕಳಲ್ಲಿ ಇಬ್ಬರು ರಕ್ತ ಕೊಟ್ಟು ಬಂದರು. ನಡುವಿನವನು ಮಾತ್ರ, "ನಂದು ಈ ಸಲ ಬೇಡ ಅಂತೆ" ಎಂದ. "ಯಾಕೋ?" ಎಂದು ಅಪ್ಪ ಎದ್ದೇಬಿಟ್ಟ.

ಸನಿಯ್ಯಾ ತಮ್ಮನ ಕೈ ಹಿಡಿದಳು. "ಕೇಳಬೇಡ. ಮೈಯಲ್ಲಿ ರಕ್ತ ಕಡಿಮೆಯೋ ಇನ್ನೇನೋ, ಅದು ಅವನಿಗೆ ಬಿಟ್ಟದ್ದು. ನಮ್ಮ ಮಾನ ನೋಡ್ಕೊಂಡು ಸುಳ್ಳು ಹೇಳಲಿಲ್ವಲ್ಲ, ಅದೇ ದೊಡ್ಡದು."

ಅಣ್ಣಂದಿರೇ, ಅಕ್ಕಂದಿರೇ, ರಕ್ತ ಕೊಡಿ, ಧಾರಾಳವಾಗಿ ಕೊಡಿ. ಸೂಜಿ ಹೊಸದು, ಕೊಡುವುದರಿಂದ ಎಚ್‌ಐವಿ ಬರುವುದಿಲ್ಲ. ಆದರೆ ನಿಮ್ಮವರಿಗೆ ರಕ್ತ ಹಾಕಿಸುವಾಗ, ಅದು ಒಡಹುಟ್ಟಿದವನದೇ ಆಗಿರಲಿ, "ಪರೀಕ್ಷೆ ಆಗಿದೆಯಾ?" ಎಂದು ನಾಚದೆ ಕೇಳಿ. ಸನಿಯ್ಯಾ ಅಂದು ಕೇಳಲಿಲ್ಲ. ನೀವು ಕೇಳಿ.