ಮಖಮಲ್ಲಿನ ತೂಕ

ಕೊಕ್ಕೆ ತಕ್ಕಡಿ ಮತ್ತೆ ಕೀಂ ಅಂತು, ಕೆಳಗೆ ಹಜಾರದಲ್ಲಿ, ಬೆಳಗಿನಿಂದ ಇದು ಏಳನೇ ಕೀಂ, ಈಗ ಕೂಗ್ತಾನೆ ನೋಡು — ಒಂಬತ್ತು ಕಿಲೋ ಎಂಟುನೂರು, ಗ್ಲೆನಿಸ್! ಒಂಬತ್ತು ಎಂಟುನೂರು! — ಕೂಗಿದ, ಹೆರಿಗೆ ಆಸ್ಪತ್ರೆಯಲ್ಲಿ ನಿಂತ ಅಪ್ಪನ ಹಾಗೆ ತನ್ನ ಬ್ಯಾಗಿನ ತೂಕ ಹೇಳ್ತಾನೆ, ಮೂವತ್ತಾರು ವರ್ಷ ಸೌತಾಂಪ್ಟನ್ನಿನ ಮಾಂಸದಂಗಡಿ ಮೀನಂಗಡಿಗಳ ತಕ್ಕಡಿ ಪರೀಕ್ಷಿಸಿ ಮೊಹರು ಒತ್ತಿ ನಿವೃತ್ತನಾದವನು, ರಾಲ್ಫ್, ನನ್ನ ಗಂಡ, ತೂಕದ ಮನುಷ್ಯ ಅಂತ ಬೀದಿಯೆಲ್ಲ ಹೊಗಳುತ್ತೆ, ಹೊಗಳಲಿ, ಬೀದಿ ಅವನ ಜೊತೆ ಪ್ರವಾಸದ ಗಂಟು ಕಟ್ಟಿಲ್ಲ — ಹನ್ನೊಂದಕ್ಕೆ ಟ್ಯಾಕ್ಸಿ, ಈಗ ಒಂಬತ್ತೂವರೆ, ಮಹಡಿಯ ಕೋಣೆಯಲ್ಲಿ ನನ್ನ ಬ್ಯಾಗಿನ ಜಿಪ್ಪು ತೆಗೆದು ನಿಂತಿದ್ದೇನೆ, ಹಸಿರು ಇಲ್ಲ. ನಿನ್ನೆ ಸಂಜೆ ಎಲ್ಲದರ ಮೇಲೆ, ತೆಳು ಕಾಗದದ ನಡುವೆ ಮಡಿಸಿಟ್ಟಿದ್ದೆ, ಹಸಿರು ಮಖಮಲ್ಲಿನ ನನ್ನ ಉದ್ದನೆಯ ಉಡುಪು, ಈಗ ಆ ಜಾಗದಲ್ಲಿ ಬೂದು ಬಣ್ಣದ ಒಂದು ಸುರುಳಿ, ಬಿಚ್ಚಿದರೆ ಅದೇ, ಅವನು ವಿಡಿಯೋ ನೋಡಿ ತರಿಸಿದ್ದು, ಹಗಲು ಲಂಗ, ಸಂಜೆ ಗೌನು, ಬೇಕಾದರೆ ಟವೆಲ್ಲು, ನೂರ ಎಂಬತ್ತು ಗ್ರಾಂ, ಆ ವಿಡಿಯೋದ ಬೋಳುತಲೆಯವನು ಮೂಗಿನಲ್ಲೇ ಹಾಡ್ತಿದ್ದ, ಹಿಮಕ್ಕೂ ಇದೇ ಬಿಸಿಲಿಗೂ ಇದೇ ಗೆಳೆಯರೇ, ಒಂದೇ ಬ್ಯಾಗು, ಹತ್ತೇ ಕಿಲೋ, ನೀವು ಹಕ್ಕಿ! — ಹಕ್ಕಿಯಂತೆ, ಹಕ್ಕಿಗೆ ಮೈಮೇಲೆ ಪುಕ್ಕವಾದರೂ ಇರುತ್ತೆ, ನನ್ನ ಪುಕ್ಕ ಎಲ್ಲಿ, ಬೀರು ತೆಗೆದರೆ ಅಲ್ಲೇ ನೇತಾಡ್ತಿದೆ, ಪ್ಲಾಸ್ಟಿಕ್ ಚೀಲದೊಳಗೆ ಉಸಿರು ಕಟ್ಟಿಕೊಂಡು, ನಾನು ಸ್ನಾನಕ್ಕೆ ಹೋಗಿದ್ದಾಗ ಬಂದು ತೆಗೆದು ನೇತುಹಾಕಿ ಹೋಗಿದ್ದಾನೆ, ನೀಟಾಗಿ, ಬಟ್ಟೆ ಮಡಿಸೋದರಲ್ಲಿ ಬಹಳ ಮಡಿ ಅವನಿಗೆ, ಹೆಂಡತಿಯನ್ನ ಕೇಳೋದರಲ್ಲಿ ಮಾತ್ರ ಮೈಲಿಗೆ.

ಕಳೆದ ವಾರ ಇದೇ ಕೋಣೆಯಲ್ಲಿ ಹಸಿರನ್ನ ತೂಗಿದ್ದ, ಒಂದು ಕಿಲೋ ಮುನ್ನೂರ ನಲವತ್ತು ಗ್ರಾಂ, ಮೂರೇ ಮೂರು ರಾತ್ರಿಗೆ, ಅಂದ್ರೆ ಒಂದು ಊಟಕ್ಕೆ ನಾನೂರ ನಲವತ್ತಾರು ಗ್ರಾಂ, ಗ್ಲೆನಿಸ್, ನ್ಯಾಯವಾ ಹೇಳು? — ನ್ಯಾಯ, ಮೊದಲು ಆರು ದಿನ ಚಿಲಿಯ ತುದಿಯಲ್ಲಿ ಹಿಮನದಿ, ಗಾಳಿ, ಮಂಜು, ಅದು ಅವನ ಆಸೆ, ಆಮೇಲೆ ಹದಿನೈದು ದಿನ ಹಡಗು, ಕೇಪ್ ಹಾರ್ನ್ ಭೂಶಿರ ಸುತ್ತಿ ರಿಯೋದ ಸುಡುಬಿಸಿಲಿನವರೆಗೆ, ಇದು ನನ್ನ ಆಸೆ, ಆ ಹದಿನೈದರಲ್ಲಿ ಮೂರು ಸಂಜೆ ದೊಡ್ಡ ಊಟದ ಮನೆಯಲ್ಲಿ ಉದ್ದನೆಯ ಉಡುಪು, ಗಂಡಸರಿಗೆ ಕಪ್ಪು ಸೂಟು, ಹಾಕದವರು ಆರು ಗಂಟೆಯ ಮೇಲೆ ಎಲ್ಲಕ್ಕಿಂತ ಮೇಲಿನ ಅಟ್ಟಕ್ಕೆ ಹೋಗಿ ತಟ್ಟೆ ಹಿಡಿದು ಸಾಲಲ್ಲಿ ನಿಂತು ತಾವೇ ಬಡಿಸಿಕೊಳ್ಳಬೇಕು. ಸರಿ ಬಿಡು, ಮೇಲೇ ತಿನ್ನೋಣ, ಅದೇ ಅಡುಗೆಮನೆ ಕಣೇ, ಅದೇ ಮೀನು, ಅಷ್ಟಕ್ಕೆ ಯಾಕೆ ಪೆಂಗ್ವಿನ್ ವೇಷ? ಅಂದ, ನಗ್ತಾ ಅಂದ, ಅದೇ ಮೀನು — ಮೀನು ತಿನ್ನೋಕೆ ನಾನು ಹೋಗ್ತಿರೋದು ಅಂದ್ಕೊಂಡಿದಾನೆ, ನಲವತ್ತೊಂದು ವರ್ಷ ಸಂಸಾರ ಮಾಡಿ. ಹತ್ತೊಂಬತ್ತು ವರ್ಷ ನನಗೆ ಆಗ, ಹಡಗಿನ ಹೊಟ್ಟೆಯೊಳಗೆ ಕೆಲಸ, ನೀರಿನ ಮಟ್ಟಕ್ಕಿಂತ ಕೆಳಗೆ, ಇಸ್ತ್ರಿ ಕೋಣೆ, ನಾವು ಆರು ಜನ, ಆರು ಹಬೆಯ ಮೇಜು, ಆರು ಇಸ್ತ್ರಿ, ಆರು ಸ್ತ್ರೀ, ಲೆಕ್ಕದಲ್ಲಿ ಬರೀ ಇಸ್ತ್ರಿ, ಮೇಲಿಂದ ರೇಷ್ಮೆ ಬರೋದು, ಜರಿ ಬರೋದು, ಮಖಮಲ್ಲು ಬಂದರೆ ಎಲ್ಲರೂ ನನ್ನ ಕಡೆ ತಳ್ಳೋರು, ಗ್ಲೆನಿಸ್ ಮಾಡ್ಲಿ, ಮಖಮಲ್ಲಿಗೆ ಇಸ್ತ್ರಿ ಮುಟ್ಟಿಸಬಾರದು, ಹಬೆ ಮಾತ್ರ, ಹಿಂದುಗಡೆಯಿಂದ, ಬೆನ್ನು ಸವರಿದ ಹಾಗೆ, ಎರಡು ವರ್ಷ, ಲಿಸ್ಬನ್ ಹೋಯ್ತು, ಬಾರ್ಬಡೋಸ್ ಹೋಯ್ತು, ಒಂದೂ ಕಾಣಲಿಲ್ಲ, ಅದನ್ನೇ ಇವನು ಬಂದವರಿಗೆಲ್ಲ ನಗೆಚಾಟಿಕೆ ಮಾಡಿ ಬಡಿಸ್ತಾನೆ, ನಮ್ಮ ಗ್ಲೆನಿಸ್ ಪ್ರಪಂಚ ಸುತ್ತಿದಾಳೆ, ಒಂದೂರೂ ನೋಡಿಲ್ಲ! — ಹಾ ಹಾ, ಇನ್ನೊಂದು ಬಿಸ್ಕತ್ತು ತಗೊಳ್ಳಿ. ಒಂದು ಸಂಜೆ ಮಾತ್ರ ಹೋಗಿದ್ದೆ, ಯಾರದೋ ಶಾಲು ತಲುಪಿಸುವ ನೆಪದಲ್ಲಿ ನೌಕರರ ಮೆಟ್ಟಿಲು ಹತ್ತಿ ಊಟದ ಮನೆಯ ಪಕ್ಕದ ಬಾಗಿಲಿನ ತನಕ, ಒಳಗೆ ದೊಡ್ಡ ಮೆಟ್ಟಿಲು ಇಳಿದು ಬರ್ತಿದ್ದರು ಅವರು, ಸಂಜೆಯಷ್ಟೇ ನನ್ನ ಕೈಯಿಂದ ಹೋದ ಬಟ್ಟೆಗಳು, ಅದರೊಳಗೆ ಹೆಂಗಸರು, ನೀಲಿಗೆ ನಾನು ಹೊಲಿದು ಸರಿ ಮಾಡಿದ ಅಂಚು, ನೋಡ್ತಾ ನಿಂತೆ, ಹಿಂದಿನಿಂದ ಮೇಲ್ವಿಚಾರಕಿ ಮಿಸೆಸ್ ಟ್ರೆವಿಸ್, ಗಂಟಲಲ್ಲಿ ಸೂಜಿ ಸಿಕ್ಕಿಕೊಂಡ ದನಿ, ದಾರಿ ತಪ್ಪಿತೇನಮ್ಮಾ? ನಿನ್ನ ಮೆಟ್ಟಿಲು ಕೆಳಗಡೆ ಹೋಗುತ್ತೆ. ಹೋದೆ. ಅರವತ್ತೇಳನೇ ವಯಸ್ಸಿಗೆ ಟಿಕೆಟ್ಟು ಬಂತು, ಇಡೀ ಚಳಿಗಾಲ ಕೂತು ಈ ಹಸಿರನ್ನ ಹೊಲಿದೆ, ತೋಳು ಎರಡು ಸಲ ಬಿಚ್ಚಿ ಮತ್ತೆ ಕೂರಿಸಿದೆ, ಆ ಮೆಟ್ಟಿಲ ಮೇಲಿಂದ ಕೆಳಗೆ ಇಳಿಯಬೇಕು ನಾನು, ಅಷ್ಟೇ, ಒಂದು ಸಲ, ಮುಂದಿನ ಬಾಗಿಲಿಂದ — ಇದನ್ನ ಅವನಿಗೆ ಹೇಳಿದೀನಾ, ಹೇಳಿದೀನಿ, ಮೂರು ಸಲ ಹೇಳಿದೀನಿ, ಒಂದು ಸಲ ಟೀವಿಯ ದನಿ ಕಡಿಮೆ ಮಾಡಿಸಿ ಹೇಳಿದೀನಿ, ಹೂಂ ಅಂದ, ಆ ಹೂಂ ಎಷ್ಟು ಗ್ರಾಂ ಇತ್ತೋ.

ತೆಗಿ, ಎಲ್ಲಾ ತೆಗಿ, ಮಂಚದ ಮೇಲೆ ಸುರಿ, ನೋಡೋಣ ಈ ಹತ್ತು ಕಿಲೋದಲ್ಲಿ ಏನೇನಿದೆ, ಉಣ್ಣೆಯ ಒಳಅಂಗಿ ಎರಡು, ನನ್ನದು, ಮಳೆಕೋಟು ನನ್ನದು, ಹತ್ತಿಯ ಮೇಲಂಗಿ, ಚಪ್ಪಲಿ, ಕಾಲುಚೀಲ, ಮೊಣಕಾಲಿನ ಮುಲಾಮು — ಇದೇನಿದು ಕಾಲುಚೀಲದ ಕೆಳಗೆ ಗಟ್ಟಿ, ನನ್ನ ಲಂಗದಲ್ಲಿ ಸುತ್ತಿಟ್ಟಿದೆ, ಬಿಚ್ಚಿದರೆ ದುರ್ಬೀನು. ಅವನ ದುರ್ಬೀನು. ಅದರ ಪಕ್ಕ ಮುಕ್ಕಾಲಿ, ಮಡಚುವ ಮುಕ್ಕಾಲಿ, ದುರ್ಬೀನು ನಿಲ್ಲಿಸೋಕೆ, ಅದರಡಿ ದಕ್ಷಿಣ ಅಮೆರಿಕದ ಹಕ್ಕಿಗಳು, ಗಟ್ಟಿ ರಟ್ಟಿನ ಪುಸ್ತಕ, ಅದರಡಿ ಕೆಟಲ್ಲು, ಪುಟ್ಟದು, ನಲವತ್ತು ಟೀ ಚೀಲ ಹೊಟ್ಟೆಯೊಳಗೆ ತುಂಬಿಸಿ, ಓಹೋ, ಓಹೋಹೋ, ಒಂಬತ್ತು ಎಂಟುನೂರು ಗ್ಲೆನಿಸ್ ಅಂತ ಕೂಗೋದು ಇದಕ್ಕಾ, ತನ್ನದನ್ನ ನನ್ನದರೊಳಗೆ ತುರುಕಿ ತಾನು ಹಕ್ಕಿ, ನಾನು ಹಕ್ಕಿ ಹೊರುವ ಕತ್ತೆ, ಬೆರಳು ಒತ್ತಿ ತೂಗಿದ ಮಾಂಸದಂಗಡಿಯವನಿಗೆ ದಂಡ ಹಾಕಿ ಬಂದು ಊಟದ ಮೇಜಿನಲ್ಲಿ ಹೇಳ್ತಿದ್ದನಲ್ಲ, ಮುಖ ನೋಡಬೇಕಿತ್ತು ಅವನದು ಗ್ಲೆನಿಸ್, ಬೆರಳು ತಕ್ಕಡಿಯ ಮೇಲೇ ಇತ್ತು! — ನಾನು ಮುಖ ನೋಡ್ತೀನಿ ಈಗ, ನಿನ್ನ ಮುಖ. ದುರ್ಬೀನು ದಿಂಬಿನ ಮೇಲೆ, ಹಕ್ಕಿಪುಸ್ತಕ ದಿಂಬಿನ ಮೇಲೆ, ಮುಕ್ಕಾಲಿ, ಕೆಟಲ್ಲು, ಸಾಲಾಗಿ ಮಲಗಿಸಿದೆ, ಅವನ ಮಗ್ಗುಲಲ್ಲಿ, ನನ್ನದೆಲ್ಲ ಮತ್ತೆ ಬ್ಯಾಗಿನೊಳಗೆ, ಬೀರುವಿನಿಂದ ಹಸಿರು ತೆಗೆದು, ಕಾಗದ ಹಾಕಿ, ಉದ್ದಕ್ಕೆ ಎರಡು ಮಡಿಕೆ, ಅಡ್ಡಕ್ಕೆ ಒಂದು, ಜಿಪ್ಪು ಸಲೀಸಾಗಿ ಬಂತು, ಇಷ್ಟು ಸಲೀಸಾಗಿ — ಮೆಟ್ಟಿಲ ಮೇಲೆ ಹೆಜ್ಜೆ.

ಆಯ್ತೇನೆ ಚಿನ್ನಾ, ಕೊಡು ತೂಗ್ತೀನಿ — ತೂಗು — ಕೀಂ — ಎಂಟು ಇನ್ನೂರು, ಅರೆ, ಕಡಿಮೆ ಆಗಿದೆಯಲ್ಲ, ಭೇಷ್! ಅಂದವನ ಕಣ್ಣು ಮಂಚದ ಕಡೆ ಹೋಯ್ತು, ಇದು ಯಾಕೆ ಹೊರಗಿದೆ, ಅಲ್ಲಿ ಕಾಂಡೋರ್ ಬರುತ್ತೆ ಕಣೇ, ಹತ್ತಡಿ ರೆಕ್ಕೆ, ದುರ್ಬೀನಿಲ್ಲದೆ ಹೇಗೆ ನೋಡಲಿ? — ನಿನ್ನ ಬ್ಯಾಗಲ್ಲಿ ಇಟ್ಕೋ — ಅದು ಭರ್ತಿ — ನಿನ್ನ ಕತ್ತಿಗೆ ನೇತುಹಾಕ್ಕೋ — ಗ್ಲೆನಿಸ್, ಹಟ ಮಾಡಬೇಡ, ಗಂಡ ಹೆಂಡತಿ ಅಂದ್ಮೇಲೆ ಭಾರ ಹಂಚ್ಕೋಬೇಕು — ನಲವತ್ತೊಂದು ವರ್ಷದಿಂದ ಹಂಚ್ಕೊಂಡಿದೀನಿ ರಾಲ್ಫ್, ಹಂಚೋನು ನೀನು, ಕೊಂಡೋಳು ನಾನು. ಅವನ ಮುಖ ನೋಡಿದೆ, ಮಾಂಸದಂಗಡಿಯವನ ಮುಖ ಹೀಗೇ ಇದ್ದಿರಬೇಕು — ನಾನು ಕಪ್ಪು ಸೂಟು ಇಟ್ಕೊಂಡಿಲ್ಲ, ತಿಳ್ಕೋ, ಆ ಪೆಂಗ್ವಿನ್‌ಗಳ ಮಧ್ಯೆ ನೀನೊಬ್ಬಳೇ ಕೂರ್ತೀಯಾ? — ಕೂರ್ತೀನಿ. ನಗ್ತೀನಿ ಅಂತ ಕಾದ, ನಾನು ನಗದೇ ಇದ್ದಾಗ ದುರ್ಬೀನು ಎತ್ತಿ ಎದೆಗೊತ್ತಿಕೊಂಡು ಹೋದ, ಮೆಟ್ಟಿಲ ಮೇಲೆ ಹೆಜ್ಜೆ ನಿಧಾನ.

ಕೂರ್ತೀನಿ ಅಂದೆ, ಕೂರ್ತೀನಿ, ಮೆಟ್ಟಿಲು ಇಳೀತೀನಿ ಹಸಿರಿನಲ್ಲಿ, ಇಬ್ಬರ ಮೇಜು, ಕಿಟಕಿಯ ಪಕ್ಕ ಕೇಳಿ ಬರೆದಿದ್ದೆ, ಎರಡು ತಟ್ಟೆ ಇಟ್ಟಿರ್ತಾರೆ, ಬಡಿಸುವವನು ಬಗ್ಗಿ ಕೇಳ್ತಾನೆ, ಇನ್ನೊಬ್ಬರು ಬರ್ತಾರಾ ಮೇಡಂ, ಇಲ್ಲ ಅಂತೀನಿ, ಆಗ ಬಿಳಿ ಕೈಗವಸಿನ ಕೈಯೊಂದು ಬರುತ್ತೆ, ಎದುರಿಗೆ ರಾಲ್ಫ್ ಕೂರಬೇಕಿದ್ದ ಕಡೆಯ ಚಾಕು ಎತ್ತುತ್ತೆ, ಮುಳ್ಳುಚಮಚ ಎತ್ತುತ್ತೆ, ಸದ್ದಿಲ್ಲದೆ — ಬರಲಿ, ಎತ್ತಲಿ, ಹಗುರ ಮಾಡಲಿ — ಕೆಳಗೆ ಅವನು ಏನನ್ನೋ ಬಿಚ್ಚಿ ಮತ್ತೆ ಕಟ್ಟುತ್ತಿದ್ದಾನೆ, ತಕ್ಕಡಿ ಕೂಗ್ತಿಲ್ಲ, ಯಾಕೆ ಕೂಗ್ತಿಲ್ಲ, ಕೋಟು ಹಾಕ್ಕೋ ಗ್ಲೆನಿಸ್, ಕಿಟಕಿ ಭದ್ರ ಮಾಡು, ಕೋಟಿನ ಒಂದು ತೋಳು ಹಾಕಿದೆ, ಇನ್ನೊಂದು — ಬಿಳಿ ಕೈ, ಚಾಕು, ಮುಳ್ಳುಚಮಚ, ಆಮೇಲೆ ತಟ್ಟೆ, ಆಮೇಲೆ ಲೋಟ, ಲೋಟ ಇದ್ದ ಕಡೆ ಮೇಜುಬಟ್ಟೆಯ ಮೇಲೊಂದು ಒತ್ತಿದ ಗುರುತು, ಅದು ಮಾತ್ರ ಏಳಲ್ಲ, ಇನ್ನೊಬ್ಬರು ಬರ್ತಾರಾ ಮೇಡಂ, ಬಿಳಿ ಕೈ, ಚಾಕು, ಮುಳ್ಳುಚಮಚ, ಬಿಳಿ ಕೈ